ತುಪ್ಪವಿಲ್ಲದ ನಾನ್‌ಖಟಾಯಿ

ಹಬ್ಬದ ದಿನ ಪಕ್ಕದ ಮನೆಗೆ ತಿಂಡಿಯ ತಟ್ಟೆ ಕಳುಹಿಸುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ನಿಮ್ಮ ಗೆಳತಿಯೇ, “ಬೇಸರ ಮಾಡಿಕೊಳ್ಳಬೇಡ, ನಾನೀಗ ಹಾಲು, ತುಪ್ಪ, ಮೊಟ್ಟೆ ಯಾವುದನ್ನೂ ತಿನ್ನುವುದಿಲ್ಲ” ಎಂದುಬಿಟ್ಟರೆ? ಶೀರ್‌ಖುರ್ಮಾ ಇಲ್ಲ, ತುಪ್ಪದ ಹಲ್ವಾ ಇಲ್ಲ, ಬೇಕರಿಯ ಕೇಕೂ ಇಲ್ಲ. ನಾಲ್ಕು ಹಣ್ಣು ಕೊಟ್ಟರಾಯಿತು ಎಂದು ಅನೇಕರು ಅಲ್ಲಿಗೇ ಮುಗಿಸಿಬಿಡುತ್ತಾರೆ. ಹಣ್ಣು ಕೊಡುವುದರಲ್ಲಿ ತಪ್ಪಿಲ್ಲ. ಆದರೆ ವರ್ಷಗಳಿಂದ ನಿಮ್ಮ ಕೈಯಡುಗೆ ಉಂಡವಳಿಗೆ ಅಂಗಡಿಯ ಸೇಬು ಕೊಟ್ಟು ಬಂದರೆ ಮನಸ್ಸಿಗೆ ಸಮಾಧಾನವಾದೀತೇ?

ಇಂತಹ ಆಹಾರಕ್ರಮಕ್ಕೆ ವೀಗನ್ ಎಂದು ಹೆಸರು. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವ್ಯಾಟ್ಸನ್ ಮತ್ತು ಅವರ ಸಂಗಡಿಗರು ಬಳಕೆಗೆ ತಂದ ಪದವಿದು. ಮಾಂಸ, ಮೀನು ಮಾತ್ರವಲ್ಲ, ಹಾಲು, ಬೆಣ್ಣೆ, ಜೇನುತುಪ್ಪವನ್ನೂ ಇವರು ಬಿಡುತ್ತಾರೆ. ನಮಗೆ ಹಾಲೂ ಜೇನೂ ಧಾರಾಳವಾಗಿ ಹಲಾಲ್. ಆದ್ದರಿಂದ ಗೆಳತಿಯ ವಾದವನ್ನು ನೀವು ಒಪ್ಪಲೇಬೇಕೆಂದಿಲ್ಲ. ಆದರೆ ಜೆಲ್ಲಿಯ ಪೊಟ್ಟಣವನ್ನು ತಿರುಗಿಸಿ, ಒಳಗೆ ಯಾವ ಜೆಲಾಟಿನ್ ಇದೆಯೋ ಎಂದು ಓದುವವರು ನಾವೇ ಅಲ್ಲವೇ? “ಇದರಲ್ಲಿ ಏನು ಹಾಕಿದ್ದೀರಿ?” ಎಂದು ಕೇಳಬೇಕಾದ ಮುಜುಗರ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಅಂಗಡಿಯ ಬಿಸ್ಕತ್ತು ತರುವುದಾದರೆ ಹಸಿರು ಚುಕ್ಕೆಯನ್ನು ನಂಬಬೇಡಿ. ಅದು ಸಸ್ಯಾಹಾರದ ಗುರುತು. ಹಾಲಿನ ಪುಡಿ, ಬೆಣ್ಣೆ ಇದ್ದರೂ ಆ ಚುಕ್ಕೆ ಇರುತ್ತದೆ. ವೀಗನ್ ಆಹಾರಕ್ಕೆ ನಮ್ಮ ದೇಶದಲ್ಲಿ 2022ರಲ್ಲಿ ಪ್ರತ್ಯೇಕ ನಿಯಮ ಬಂದಿದ್ದು, ಹಸಿರು ‘ವಿ’ ಅಕ್ಷರದ ಬೇರೆಯೇ ಗುರುತು ಇದೆ.

ಇಷ್ಟೆಲ್ಲ ಓದಿ ಹುಡುಕುವುದಕ್ಕಿಂತ ಮನೆಯಲ್ಲೇ ನಾನ್‌ಖಟಾಯಿ ಮಾಡುವುದು ಸುಲಭ. ಸೂರತ್ತಿನ ಡಚ್ಚರ ಬೇಕರಿಯಿಂದ ಬಂದದ್ದೆಂದು ಹೇಳಲಾಗುವ ಈ ತಿಂಡಿಗೆ ಮೊಟ್ಟೆಯೂ ಬೇಡ, ಹಾಲೂ ಬೇಡ. ಹಿಟ್ಟನ್ನು ಹಿಡಿದಿಡುವುದು ಜಿಡ್ಡು. ತುಪ್ಪದ ಜಾಗದಲ್ಲಿ ಗಟ್ಟಿಯಾದ ತೆಂಗಿನೆಣ್ಣೆ ಹಾಕಿದರೆ ಮುಗಿಯಿತು. ಡಾಲ್ಡಾ ಕೂಡ ನಡೆಯುತ್ತದೆ, ಹಿಂದೆ ಎಷ್ಟೋ ಮನೆಗಳಲ್ಲಿ ಅದನ್ನೇ ಹಾಕುತ್ತಿದ್ದರು. ಆದರೆ ವನಸ್ಪತಿಯಲ್ಲಿ ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬು ಇರುತ್ತಿದ್ದ ಕಾರಣ, 2022ರ ಜನವರಿಯಿಂದ ಅದು ಶೇ. 2ಕ್ಕಿಂತ ಹೆಚ್ಚಿರಬಾರದೆಂದು ಸರಕಾರ ಮಿತಿ ಹಾಕಿದೆ. ನನ್ನ ಆಯ್ಕೆ ತೆಂಗಿನೆಣ್ಣೆಯೇ.

ಒಂದು ಕಪ್ ಮೈದಾ, ಅರ್ಧ ಕಪ್ ಕಡಲೆಹಿಟ್ಟು, ಕಾಲು ಕಪ್ ಚಿರೋಟಿ ರವೆ, ಕಾಲು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಅಡುಗೆ ಸೋಡಾ ಮತ್ತು ಉಪ್ಪನ್ನು ಜರಡಿ ಹಿಡಿಯಿರಿ. ಅರ್ಧ ಕಪ್ ತೆಂಗಿನೆಣ್ಣೆಗೆ ಮುಕ್ಕಾಲು ಕಪ್ ಪುಡಿ ಸಕ್ಕರೆ ಸೇರಿಸಿ, ಬೆಳ್ಳಗೆ ಹಗುರಾಗುವವರೆಗೆ ಉಜ್ಜಿ. ಸುಮಾರು 24 ಡಿಗ್ರಿ ದಾಟಿದರೆ ತೆಂಗಿನೆಣ್ಣೆ ಕರಗುತ್ತದೆ. ನಮ್ಮ ಕರಾವಳಿಯ ಸೆಕೆಗೆ ಕೇಳಬೇಕೇ? ಮೊದಲೇ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು, ಬೆಣ್ಣೆಯಷ್ಟು ಗಟ್ಟಿಯಾದ ಮೇಲೆ ಬಳಸಿ. ಏಲಕ್ಕಿ ಪುಡಿ ಬೆರೆಸಿ. ಅದಿದ್ದರೆ ವೆನಿಲ್ಲಾ ಎಸೆನ್ಸ್ ಬೇಡ, ಅದರಲ್ಲಿ ಆಲ್ಕೋಹಾಲ್ ಇದೆಯೋ ಎಂಬ ಯೋಚನೆಯೂ ತಪ್ಪಿತು.

ಈಗ ಹಿಟ್ಟು ಹಾಕಿ ಬೆರಳ ತುದಿಯಿಂದ ಕಲಸಿ. ಚಪಾತಿಯ ಹಿಟ್ಟಿನಂತೆ ನಾದಿದರೆ ಬಿಸ್ಕತ್ತು ಗಡುಸಾಗುತ್ತದೆ, ಬಾಯಲ್ಲಿ ಕರಗುವುದಿಲ್ಲ. ಮುದ್ದೆಯಾಗದೆ ಉದುರುತ್ತಿದ್ದರೆ ನೀರು ಬೇಡ, ಇನ್ನೊಂದು ಚಮಚ ಎಣ್ಣೆ ಸಾಕು. ನಿಂಬೆ ಗಾತ್ರದ ಉಂಡೆ ಮಾಡಿ, ಸ್ವಲ್ಪ ಒತ್ತಿ, 20 ನಿಮಿಷ ಫ್ರಿಜ್‌ನಲ್ಲಿಡಿ. ಮೊದಲೇ ಬಿಸಿಯಾದ ಓವನ್‌ನಲ್ಲಿ 160 ಡಿಗ್ರಿಗೆ 18ರಿಂದ 20 ನಿಮಿಷ ಬೇಯಲಿ. ಓವನ್ ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಗೆ ಉಪ್ಪು ಹರಡಿ, ಒಳಗೆ ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ. ಆಮೇಲೆ ತಟ್ಟೆ ಇಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 25 ನಿಮಿಷ ಬೇಯಿಸಿ. ತಟ್ಟೆಗೆ ತುಪ್ಪ ಸವರುವ ಅಭ್ಯಾಸದ ಕೈಯನ್ನು ಈ ಒಂದು ದಿನ ತಡೆಯಿರಿ! ಮೇಲೆ ಬಿರುಕು ಬಿಟ್ಟು, ತಳ ನಸುಗೆಂಪಾದರೆ ಬೆಂದಿದೆ ಎಂದರ್ಥ. ಮುಟ್ಟಿದರೆ ಮೆತ್ತಗಿರುತ್ತದೆ, ಹೆದರಿ ಇನ್ನಷ್ಟು ಬೇಯಿಸಬೇಡಿ. ಆರಿದ ಮೇಲೆ ಗರಿಗರಿಯಾಗುತ್ತದೆ.

ಹಾಲು ಹಾಕಿಲ್ಲವೆಂದು ಇದು ಪಥ್ಯದ ತಿಂಡಿಯಾಗುವುದಿಲ್ಲ. ಸಕ್ಕರೆಯೂ ಜಿಡ್ಡೂ ಬೇಕಾದಷ್ಟಿವೆ, ಮಧುಮೇಹದವರ ಕೈಗೆ ಡಬ್ಬ ಕೊಡಬೇಡಿ.

ಗೆಳತಿ ಹಾಲು ಬಿಟ್ಟದ್ದು ಇಷ್ಟದಿಂದಲೋ, ಅಲರ್ಜಿಯಿಂದಲೋ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಅವಳ ಮಗುವಿಗೆ ಹಾಲಿನ ಅಲರ್ಜಿ ಇದ್ದರೆ ವಿಷಯ ಬೇರೆ. ತೊಳೆಯದ ಚಮಚದಲ್ಲಿ ಉಳಿದ ಒಂದಿಷ್ಟು ಬೆಣ್ಣೆಯೂ ಕೆಲವು ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬಲ್ಲದು. ಪಾತ್ರೆ, ಜರಡಿ, ತಟ್ಟೆ ಎಲ್ಲವನ್ನೂ ಸೋಪು ಹಾಕಿ ತೊಳೆದು, ಆ ದಿನ ಬೇರೆ ಬೇಕಿಂಗ್ ಇಟ್ಟುಕೊಳ್ಳಬೇಡಿ. ಅಲಂಕಾರಕ್ಕೆಂದು ಗೋಡಂಬಿ, ಪಿಸ್ತಾ ಒತ್ತುವ ಮುನ್ನವೂ ಕೇಳಿ.

ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ತುಂಬಿ, ಇಲ್ಲವಾದರೆ ಬೆವರಿ ಮೆತ್ತಗಾಗುತ್ತವೆ. ಗಾಳಿಯಾಡದ ಡಬ್ಬದಲ್ಲಿ ಒಂದು ವಾರ ಚೆನ್ನಾಗಿರುತ್ತವೆ. ಏನೇನು ಹಾಕಿದ್ದೀರೆಂದು ಒಂದು ಚೀಟಿಯಲ್ಲಿ ಬರೆದು ಡಬ್ಬದ ಮೇಲೆ ಅಂಟಿಸಿಬಿಡಿ. ಆಗ ಅವಳು ಕೇಳಬೇಕಾಗಿಯೂ ಇಲ್ಲ.