ಒಂಟಿ ಉಳಿದ ಚುಕ್ಕಿ

ಮೊದಲು ಈ ಎರಡು ಸಾಲು ನೋಡಿ.

ಪಪಪಪಪಪಪಷಪಪಪಪ
ಷಷಷಷಪಷಷಷಷಷಷಷ

ಮೊದಲ ಸಾಲಿನ ‘ಷ’ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಎರಡನೆಯದರಲ್ಲಿ ‘ಪ’ ಸಿಗಬೇಕಾದರೆ ಕೊಂಚ ತಡಕಾಡಬೇಕು. 12 ಅಕ್ಷರಕ್ಕೆ ವ್ಯತ್ಯಾಸ ಅಷ್ಟಾಗಿ ತಿಳಿಯದು, ಪುಟ ತುಂಬ ಬರೆದು ನೋಡಿ. ಆನ್ ಟ್ರೀಸ್ಮನ್ ಮತ್ತು ಜಾನೆಟ್ ಸೌಥರ್ 1985ರಲ್ಲಿ ಇದನ್ನು ವೃತ್ತಗಳಿಂದ ತೋರಿಸಿದರು. ಬರೀ ವೃತ್ತಗಳ ನಡುವೆ ಗೀಟಿರುವ ವೃತ್ತವೊಂದಿದ್ದರೆ, ಸುತ್ತ ಎಷ್ಟೇ ಇರಲಿ, ಥಟ್ಟನೆ ಕಾಣುತ್ತದೆ. ಗೀಟಿರುವವುಗಳ ನಡುವೆ ಗೀಟಿಲ್ಲದ ಒಂದನ್ನು ಹುಡುಕಲು, ಸಂಖ್ಯೆ ಹೆಚ್ಚಿದಷ್ಟೂ ಹೊತ್ತು ಹಿಡಿಯುತ್ತದೆ.

ಎಂ.ಟೆಕ್‌ನಲ್ಲಿ ಇದನ್ನು ಓದಿ, ಪರೀಕ್ಷೆ ಬರೆದು, ಮರೆತಿದ್ದೆ. ನೆನಪಾದದ್ದು ಇಲ್ಲಿ ಹೈದರಾಬಾದಿನಲ್ಲಿ, ಒಂದು ರಾತ್ರಿ ಪಾಳಿಯ ನಂತರ.

ನಮ್ಮ ಆಫೀಸಿನ ಗೋಡೆ ಪರದೆಯ ಮೇಲೆ 42 ಗ್ರಾಫ್. ಏನಾದರೂ ಕೆಟ್ಟರೆ ಗೆರೆ ಜಿಗಿದು ಕೆಂಪಾಗುತ್ತದೆ. ಆ ರಾತ್ರಿ ಯಾವುದೂ ಜಿಗಿಯಲಿಲ್ಲ. ಒಂದು ನಗರದ ಪಾವತಿಗಳು ನಮ್ಮ ಸರ್ವರ್‌ಗೆ ಬರುವುದೇ ನಿಂತುಹೋಗಿತ್ತು. ಪಾವತಿಯೇ ಬಾರದಿದ್ದರೆ ಎರರ್ ಎಲ್ಲಿಂದ ಬರಬೇಕು? ಎರರ್ ಗ್ರಾಫ್ ಸೊನ್ನೆಯಲ್ಲಿ ಹಸಿರಾಗಿ ಮಲಗಿತ್ತು. ಪಾವತಿ ಸಂಖ್ಯೆಯ ಗ್ರಾಫ್ ಕೂಡ ಮೂಲೆಯಲ್ಲಿತ್ತು; ಅದು ನೆಲ ಹಿಡಿದದ್ದನ್ನು ನಾನು ಗಮನಿಸಲಿಲ್ಲ. 50 ನಿಮಿಷ ಅದರೆದುರೇ ಚಹಾ ಕುಡಿಯುತ್ತ ಕೂತಿದ್ದೆ. ಗೊತ್ತಾದದ್ದು ಗ್ರಾಹಕರ ಫೋನ್ ಬಂದ ಮೇಲೆ. “ಸ್ಕ್ರೀನ್ ಮುಂದೇ ಇತ್ತಲ್ಲ?” ಎಂದು ಮರುದಿನ ಮೀಟಿಂಗಿನಲ್ಲಿ ಕೇಳಿದರು. ಇತ್ತು, ಅಷ್ಟೇ.

ಅದು ಧನುರ್ಮಾಸ. ಧಾರವಾಡದಿಂದ ಅವ್ವ ಬಂದಿದ್ದಳು. ಕೊಂಡಾಪುರದ ನಮ್ಮ ಓಣಿಯಲ್ಲಿ ಪಕ್ಕದ ಮನೆ ಹುಡುಗಿ ಬೆಳಿಗ್ಗೆ ಮುಗ್ಗು (ನಮ್ಮ ರಂಗೋಲಿಯೇ) ಹಾಕುತ್ತಿದ್ದಳು. 15 ಚುಕ್ಕಿಯಿಂದ 8ರವರೆಗೆ, ಸಂದಿನಲ್ಲಿಟ್ಟ ಚುಕ್ಕಿಗಳು, ಒಟ್ಟು 169. ಅವ್ವ ಬಾಗಿಲಲ್ಲೇ ನಿಂತು, “ಅಲ್ಲೊಂದು ಚುಕ್ಕಿ ಒಂಟಿ ಉಳದೈತಿ ನೋಡವ್ವ” ಎಂದಳು. ಹುಡುಗಿಗೆ ಕನ್ನಡ ಬಾರದು, ಬೆರಳು ತೋರಿಸಿದ ಕಡೆ ನೋಡಿ ನಕ್ಕು ಗೆರೆ ಸುತ್ತಿದಳು.

ಹ್ಯಾಂಗ ಗೊತ್ತಾತು ಎಂದು ಕೇಳಿದೆ. “ಆ ಕಡೆ ಇರೋದು ಈ ಕಡೆ ಇರಬೇಕಲ್ಲ, ಇಲ್ಲಂದ್ರ ಕಾಣತೈತಿ” ಎಂದಳು.

ಅವಳಿಗೆ ಹೋಲಿಸಲು ರಂಗೋಲಿಯ ಇನ್ನೊಂದು ಅರ್ಧವಿತ್ತು. ನನ್ನ ಗ್ರಾಫಿಗೆ ಅದಿರಲಿಲ್ಲ. ಮುಂದಿನ ವಾರ ಪ್ರತಿ ಗೆರೆಯ ಹಿಂದೆ, ಕಳೆದ ನಾಲ್ಕು ವಾರ ಅದೇ ದಿನ ಅದೇ ಹೊತ್ತಿಗೆ ಎಷ್ಟಿತ್ತು ಎಂಬುದನ್ನು ತೆಳು ಬೂದು ಪಟ್ಟಿಯಾಗಿ ಹಾಕಿದೆವು. ಗೆರೆ ಪಟ್ಟಿಯಿಂದ ಕೆಳಗಿಳಿದರೆ ನಡುವಿನ ಜಾಗಕ್ಕೆ ಕಿತ್ತಳೆ ಬಣ್ಣ ತುಂಬುತ್ತದೆ. ಅಲಾರಂ ಕೂಡ ಸೇರಿಸಿದೆವು, ಆದರೆ ಬಣ್ಣವೇ ಮೊದಲು ಕಾಣುತ್ತದೆ.

ಸಂಕ್ರಾಂತಿಯ ಬೆಳಿಗ್ಗೆ ಪರದೆಯೆಲ್ಲ ಕಿತ್ತಳೆ. ಎದೆ ಧಸಕ್ಕೆಂದಿತು. ನೋಡಿದರೆ ಏನೂ ಕೆಟ್ಟಿರಲಿಲ್ಲ, ಜನ ಹಬ್ಬಕ್ಕೆ ಊರಿಗೆ ಹೋಗಿದ್ದರು. ಕೋಡ್‌ನೊಳಗೆ ಹಬ್ಬಗಳ ಪಟ್ಟಿ ಸೇರಿಸುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ.