ಮಾವಿನ ತೊಲೆ, ಹಲಸಿನ ಬಾಗಿಲು

ಕೊಟ್ಟಿಗೆಯ ಮಾವಿನ ತೊಲೆಯ ಕೆಳಗೆ, ಕಲಗಚ್ಚಿನ ಬಾನಿಯ ಪಕ್ಕ, ಮೂರು ದಿನದಿಂದ ಒಂದೇ ಜಾಗದಲ್ಲಿ ಪುಡಿ ಬೀಳುತ್ತಿದೆ. ರವೆಯಷ್ಟು ದಪ್ಪ, ಹಳದಿ. ಬೆಳಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಒಂದು ಹಿಡಿ. ತೊಲೆಯ ತಳಮೈಯಲ್ಲಿ ಕಿರುಬೆರಳು ತೂರುವಷ್ಟು ಅಗಲದ ಒಂದು ತೂತು, ಬೈರಿಗೆ ಇಟ್ಟು ಕೊರೆದಷ್ಟು ದುಂಡು. ಎಂಟು ಗಂಟೆಯ ಬಿಸಿಲಿಗೆ ಅದರೊಳಗಿಂದ ಕಪ್ಪು ದುಂಬಿಯೊಂದು ಹೊರಬಂತು. ರೆಕ್ಕೆಯ ಮೇಲೆ ನೀಲಿ ಮಿಂಚು. ಒಂದು ಸುತ್ತು ಹಾಕಿ ಬೇಲಿಯ ಎಕ್ಕದ ಹೂವಿಗೆ ಹೋಯಿತು.

ತೊಲೆ ನೋಡಲೆಂದೇ ಆಚಾರ್ರನ್ನು ಕರೆಸಿದ್ದು. ಸತ್ಯಾಗ್ರಹ ಸೌಧದ ಕಡೆಯಿಂದ ಮೊಪೆಡ್ ಮೇಲೆ ಬಂದರು, ಮುಂದೆ ಗೋಣಿಚೀಲದ ತುಂಬ ಹತಾರ. 1938ರ ಏಪ್ರಿಲಿನಲ್ಲಿ ಈ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧ ಮುರಿದು ಬಾವುಟ ಏರಿಸಿದಾಗ, ಆಚಾರ್ರ ತಾತ ಇಲ್ಲೇ ಜಾಲಿಮರದಲ್ಲಿ ನೇಗಿಲು ಕೆತ್ತುತ್ತಿದ್ದರಂತೆ. ಕೂಲಿ ಇರಲಿಲ್ಲ. ಸುಗ್ಗಿಗೆ ಕಣಕ್ಕೆ ಹೋಗಿ ಪ್ರತಿ ಒಕ್ಕಲಿನಿಂದ ಆಯದ ಭತ್ತ, ರಾಗಿ ತರುತ್ತಿದ್ದರು. ನೇಗಿಲು ಹೋಯಿತು, ಎತ್ತಿನಗಾಡಿ ಕಡಿಮೆಯಾಯಿತು. ಮೊಮ್ಮಗ ಬಾಗಿಲು, ಕಿಟಕಿ, ಮಂಚ ಮಾಡುತ್ತಾರೆ.

ಅವರು ತೊಲೆ ನೋಡುವ ಮೊದಲು ಕುಕ್ಕರಗಾಲಲ್ಲಿ ಕೂತು ಪುಡಿ ನೋಡಿದರು. ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದರು.

"ಇದು ದುಂಬಿದು ಕಣಪ್ಪ. ತರಿತರಿ ಐತೆ ನೋಡು. ಕುಟ್ಟೆ ಹುಳದ್ದಾದ್ರೆ ಅಕ್ಕಿಹಿಟ್ಟಿನಂಗೆ ನುಣ್ಣಗೆ ಉದುರ್ತದೆ. ಗೆದ್ದಲಾದ್ರೆ ಪುಡೀನೇ ಬೀಳಾಕಿಲ್ಲ, ಮಣ್ಣಿನ ದಾರಿ ಕಟ್ತದೆ."

ಇಪ್ಪತ್ತು ವರ್ಷದಿಂದ ಹುಳುಹುಪ್ಪಟೆ ನೋಡುತ್ತ ಟಿಪ್ಪಣಿ ಬರೆಯುವ ನಾನು ಆ ಮೂರು ಮಾತನ್ನು ಹಾಗೆಯೇ ಪುಸ್ತಕಕ್ಕೆ ಇಳಿಸಿಕೊಂಡೆ. ದುಂಬಿ ಮರ ತಿನ್ನುವುದಿಲ್ಲ, ಕೊರೆದು ಉದುರಿಸುತ್ತದೆ. ಒಳಗೆ ಪರಾಗ, ಮಕರಂದ ಕಲಸಿದ ಉಂಡೆ, ಅದರ ಮೇಲೊಂದು ಮೊಟ್ಟೆ, ಆಮೇಲೆ ಅದೇ ಹೊಟ್ಟಿನಿಂದ ಕಟ್ಟಿದ ಅಡ್ಡಗೋಡೆ, ಆಚೆಗೆ ಮುಂದಿನ ಕೋಣೆ. ಒಣಗಿದ ಮೆತುಮರವೇ ಅದಕ್ಕೆ ಬೇಕು. ಕುಟ್ಟೆ ಹುಳಕ್ಕೆ ಬೇಕಾದದ್ದು ತೊಗಟೆಯ ಪಕ್ಕದ ಬಿಳಿಮರದಲ್ಲಿರುವ ಪಿಷ್ಟ. ಒಳಗಿನ ಚೇಗಿಗೆ ಅದು ಹೋಗುವುದೇ ಅಪರೂಪ. ಆಚಾರ್ರು ಮರ ಕೊಳ್ಳುವಾಗ ಬಿಳಿಮರ ಎಷ್ಟಿದೆ ಎಂದು ಮೊದಲು ನೋಡುವುದು ಇದಕ್ಕೇ.

ಅವತ್ತೇ ನಮ್ಮ ಮುಂಬಾಗಿಲ ಕೆಲಸವನ್ನೂ ಅವರಿಗೆ ಒಪ್ಪಿಸಬೇಕೆಂದು ಮನಸ್ಸಿಗೆ ಬಂತು. ಆದರೂ ತಡೆದೆ. ಹಿಂದೊಮ್ಮೆ ಒಬ್ಬರು ಹಸಿಮರದಲ್ಲಿ ಕಿಟಕಿ ಮಾಡಿಕೊಟ್ಟು, ಒಂದು ಬೇಸಿಗೆಗೆ ಅದು ತಿರುಚಿಕೊಂಡು ಚಿಲಕ ಹಾಕಲಾಗದಂತೆ ಆಗಿತ್ತು. ಅದಕ್ಕೇ ಈ ಸಲ ಹೊಸ ಕೆಲಸ ತೋರಿಸಿ ಎಂದು ಕೇಳಲಿಲ್ಲ. ಮೂರು ಮಳೆಗಾಲ ಕಂಡ ಬಾಗಿಲು ತೋರಿಸಿ ಎಂದೆ. ಮದ್ದೂರಿನ ಒಂದು ಮನೆಗೆ ಕರೆದೊಯ್ದರು. ಮೂಲೆಯ ಕೂಡಿಕೆಗಳಲ್ಲಿ ಉಗುರು ಆಡಿಸಿದೆ, ಬಿರುಕಿಲ್ಲ. ಬಾಗಿಲಿನ ಅಡಿಯಂಚಿಗೂ ಬಣ್ಣ ಬಿದ್ದಿತ್ತು. ಯಾರ ಕಣ್ಣಿಗೂ ಬೀಳದ, ನೀರು ಮೊದಲು ಕುಡಿಯುವ ಜಾಗ ಅದು. ಮಳೆಗಾಲದಲ್ಲಿ ಹಿಡಿಯುತ್ತದೆಯೇ ಎಂದು ಕೇಳಿದ್ದಕ್ಕೆ ಆ ಮನೆಯ ಅಕ್ಕ ಒಂದೇ ಬೆರಳಲ್ಲಿ ಬಾಗಿಲು ನೂಕಿ ತೋರಿಸಿದರು.

ಮರಗೆಲಸದವರೆಲ್ಲ ಒಂದೇ ಕೆಲಸದವರಲ್ಲ. ತಾರಸಿಗೆ ಹಲಗೆ ಕಟ್ಟುವ ಸೆಂಟ್ರಿಂಗಿನವರು ಬೇರೆ. ಪ್ಲೈವುಡ್ಡಿಗೆ ಮೈಕಾ ಅಂಟಿಸಿ ವಾರ್ಡ್‌ರೋಬ್ ಮಾಡುವವರು ಬೇರೆ. ಅಡುಗೆಮನೆಯ ಸಿಂಕಿನ ಕೆಳಗಾದರೆ ಅವರಿಂದ ಐಎಸ್ 710 ಎಂದು ಒತ್ತಿರುವ ಹಲಗೆಯನ್ನೇ ಕೇಳಬೇಕು. ಪಕ್ಕದ ಚನ್ನಪಟ್ಟಣದವರು ಹಾಲೆಮರವನ್ನು ತಿರುಗಿಸಿ ಬೊಂಬೆ ಮಾಡುತ್ತಾರೆ. ಆ ಮೆತುಮರ ನಮ್ಮ ಆಚಾರ್ರ ಬಾಗಿಲಿಗೆ ಬಾರದು.

ನಮ್ಮಲ್ಲಿದ್ದದ್ದು ಹಲಸು. ನಾಲ್ಕು ವರ್ಷದ ಹಿಂದೆ ಮುಂಗಾರಿಗೆ ಮುಂಚಿನ ಗಾಳಿಗೆ ಹಿತ್ತಲ ಮರ ಬುಡಸಮೇತ ಬಿದ್ದಿತ್ತು. ಸಾಮಿಲ್ಲಿನಲ್ಲಿ ಕೊಯ್ಸಿ, ತುದಿಗಳಿಗೆ ಸಗಣಿ ಬಳಿದು, ನಡುವೆ ರೀಪು ಕೊಟ್ಟು ನೆರಳಲ್ಲಿ ಪೇರಿಸಿದ್ದೆವು. ಆಚಾರ್ರು ಒಂದೊಂದನ್ನೂ ಕೊಡತಿಯಿಂದ ತಟ್ಟಿ ಕಿವಿಗೊಟ್ಟರು. ಹಸಿ ಇದ್ದರೆ ಸದ್ದು ಮಂಕು, ಒಣಗಿದ್ದರೆ ಕಣಕಣ. "ಇಂಚಿಗೊಂದು ವರ್ಷ ಅನ್ನೋದು ಹಳೇ ಲೆಕ್ಕ. ನಾಕಿಂಚು, ನಾಕು ವರ್ಸ. ಸರಿಹೋಯ್ತು."

ಅಳತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಿತ್ತು. 7 ಅಡಿಯ ಎರಡು ನಿಲುವು, 4 ಅಡಿಯ ಎರಡು ಅಡ್ಡ, ಒಟ್ಟು 22 ಅಡಿ. 5 ಇಂಚು, 4 ಇಂಚಿನ ಮರವಾದರೆ 3 ಘನ ಅಡಿಗೆ ತುಸು ಮೇಲೆ. ಗರಗಸಕ್ಕೆ, ತೋಪಡಕ್ಕೆ ಹೋಗುವುದು ಬೇರೆ. ಮರ ನಮ್ಮದು, ಕೂಲಿ ಗುತ್ತಿಗೆ, ಮುಂಗಡ ಇಷ್ಟು, ವಾಸ್ಕಲ್ಲು ನಿಂತ ಮೇಲೆ ಇಷ್ಟು, ಬಾಗಿಲು ತೂಗಿದ ಮೇಲೆ ಉಳಿದದ್ದು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿದೆವು. ಬರೆದಿಟ್ಟದ್ದರಿಂದ ಆಮೇಲೆ ಒಂದು ಮಾತೂ ಏರಲಿಲ್ಲ.

ಮರುದಿನ ಬೆಳಗ್ಗೆ. ಮಾವಿನ ಒಣಕೊಂಬೆಯ ಮೇಲೆ ಚಿಟ್ಟುಕುಟ್ರ, ಕಂಚುಗಾರ ಹಕ್ಕಿ, ಟುಕ್ ಟುಕ್ ಎನ್ನುತ್ತಿದೆ; ಕೆಳಗೆ ಕೊಡತಿಯೂ ಉಳಿಯ ಮೇಲೆ ಹಾಗೇ ಬೀಳುತ್ತಿದೆ. ಹಕ್ಕಿಯ ಲಯ ತಪ್ಪುವುದಿಲ್ಲ. ಆಚಾರ್ರದ್ದು ಗಂಟು ಬಂದಲ್ಲಿ ನಿಧಾನವಾಗುತ್ತದೆ. ತೋಪಡ ಓಡಿಸುವಾಗ ಒಂದು ಕಡೆ ಮರ ಸಿಬಿರೆದ್ದಿತು. ತಕ್ಷಣ ನಿಲ್ಲಿಸಿ, ಅಂಗೈಯನ್ನು ಉದ್ದಕ್ಕೆ ಸವರಿ, ತುಂಡನ್ನು ತಿರುಗಿಸಿ ಎದುರು ದಿಕ್ಕಿನಿಂದ ಎಳೆದರು. ಹಳದಿ ಸುರುಳಿ ಹರಿಯದೆ ಬಂತು, ಕೈಯಲ್ಲಿ ಹಿಡಿದರೆ ಬೆಳಕು ತೂರುವಷ್ಟು ತೆಳು. ಈ ಹಳದಿ ನಿಲ್ಲದು. ಬಿಸಿಲು ಗಾಳಿ ಕುಡಿದು ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ವೀಣೆಗೂ ಮೃದಂಗಕ್ಕೂ ಒದಗುವ ಮರ.

ನಿಲುವುಗಳನ್ನು ನಿಲ್ಲಿಸುವ ಮುನ್ನ ಅವರು ಮಾಡಿದ್ದೊಂದನ್ನು ನಾನು ಹಿಂದೆ ಕಂಡಿರಲಿಲ್ಲ. ಏಳಡಿಯ ತುಂಡನ್ನು ನಟ್ಟನಡುವೆ ಒಂದು ರೀಪಿನ ಮೇಲಿಟ್ಟು ಕೈಬಿಟ್ಟರು. ಎರಡೂ ಕಡೆ ಒಂದೇ ಅಳತೆ, ಆದರೂ ಎಡತುದಿ ಮೆಲ್ಲಗೆ ಕೆಳಗಿಳಿಯಿತು. "ಅದು ಬುಡ." ಆಮೇಲೆ ಒಂದು ಗಂಟು ತೋರಿಸಿದರು. ಕೊಂಬೆ ಮೇಲ್ಮುಖವಾಗಿ ಹೊರಟ ಓರೆ ಅದರಲ್ಲಿತ್ತು, ಮೊನೆ ಬಲಕ್ಕೆ. ಎರಡು ಸಾಕ್ಷಿಯೂ ಒಂದೇ ಹೇಳಿದವು. "ಮರ ಹೆಂಗೆ ನಿಂತಿತ್ತೋ ಹಂಗೇ ನಿಲ್ಲಿಸ್ಬೇಕು, ತಲೆಕೆಳಗು ಮಾಡಬಾರ್ದು." ಬುಡಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು.

ಬಾಗಿಲಿನ ಹಲಗೆಗಳಿಗೆ ಅಂಟು ಹಾಕಲಿಲ್ಲ. ಚೌಕಟ್ಟಿನ ಒಳಅಂಚಿಗೆ ತೋಡು ತೋಡಿ, ಹಲಗೆಯನ್ನು ಒಂದೆಳೆ ಸಡಿಲವಾಗಿ ಕೂರಿಸಿದರು. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಕುಗ್ಗುತ್ತದೆ. ಅದರಲ್ಲೂ ಉಂಗುರದ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಸುತ್ತ ಗದ್ದೆಗೆ ನೀರು ಬಿಟ್ಟಾಗ, ಮಳೆ ಹಿಡಿದಾಗ ಹಲಗೆ ಉಬ್ಬುತ್ತದೆ. ಬೇಸಿಗೆಗೆ ಮತ್ತೆ ಕುಗ್ಗುತ್ತದೆ. ಬಿಗಿದರೆ ಸೀಳುತ್ತದೆ. ಬಿದ್ದು ನಾಲ್ಕು ವರ್ಷವಾದ ಮರಕ್ಕೂ ಉಸಿರಾಡಲು ಜಾಗ ಬಿಡುವ ಈ ಕೈಯನ್ನು ನಾನು ತುಂಬ ಹೊತ್ತು ನೋಡುತ್ತ ಕೂತೆ.

ವಾಸ್ಕಲ್ಲು ನಿಂತ ದಿನ ಅರಿಸಿನ ಕುಂಕುಮ ಹಚ್ಚಿ, ಹೊಸಿಲ ಕೆಳಗೆ ನವಧಾನ್ಯ ಹಾಕಿದೆವು. ಆಚಾರ್ರಿಗೆ ಎಲೆ ಅಡಿಕೆ, ಪಂಚೆ ಕೊಟ್ಟೆವು. ಹೊರಡುವ ಮೊದಲು ಅವರೇ ಕೊಟ್ಟಿಗೆಗೆ ಹೋದರು. ಮಾವಿನ ತೊಲೆಯನ್ನು ಇಳಿಸಿ ಜಾಲಿಯದನ್ನು ಏರಿಸುವುದೆಂದು ಮಾತಾಗಿತ್ತು. ಹಳೆಯದನ್ನು ಸೌದೆಗೆ ಸೀಳಲು ಕೊಡಲಿ ಎತ್ತಿದವನನ್ನು ತಡೆದು, ತೂತಿದ್ದ ಎರಡಡಿ ತುಂಡನ್ನು ಗರಗಸದಲ್ಲಿ ಬೇರೆ ಮಾಡಿ, ತೂತು ಕೆಳಮುಖವಾಗಿಯೇ ಇರುವಂತೆ ಬೇಲಿಯ ಕಂಬಕ್ಕೆ ತಂತಿ ಬಿಗಿದರು. ಎಕ್ಕದ ಗಿಡದಿಂದ ನಾಲ್ಕು ಹೆಜ್ಜೆ.

ಮೊದಲ ದಿನ ದುಂಬಿ ಕೊಟ್ಟಿಗೆಯಲ್ಲೇ ಸುತ್ತಾಡಿತು. ಎರಡನೆಯ ದಿನ ಕಾಣಲಿಲ್ಲ. ನಾಲ್ಕನೆಯ ದಿನ, ಬೆಳಗ್ಗೆ 8.20ಕ್ಕೆ, ಬೇಲಿಯ ಕಂಬದ ಬುಡದಲ್ಲಿ ರವೆಯಷ್ಟು ದಪ್ಪದ ಹೊಸ ಪುಡಿ ಬಿದ್ದಿತ್ತು.