ಒಬ್ಬಂಟಿಯಾಗಿ ಉಣ್ಣುವ ಮುದುಕಿ

ಆಂಗ್ಲ ಕಾದಂಬರಿಕಾರರಲ್ಲಿ ಅಗ್ರಗಣ್ಯಳಾದ ಜಾರ್ಜ್ ಎಲಿಯಟ್ಟಳ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಹೆಸರು ಗಂಡಸಿನದಾದರೂ ಈಕೆಯು ಹೆಂಗಸು. ನಿಜನಾಮವು ಮೇರಿ ಆನ್ ಎವನ್ಸ್. 1858ನೆಯ ಇಸವಿಯಲ್ಲಿ ಈಕೆಯು ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದಾಗ ‘ಆಡಂ ಬೀಡ್’ ಎಂಬ ಕಾದಂಬರಿಯು ಇನ್ನೂ ಮುಗಿದಿರಲಿಲ್ಲ. ಅಲ್ಲಿಯೂ ಅದರ ಬರೆವಣಿಗೆಯನ್ನು ಮುಂದುವರಿಸಿದಳು.

ಆ ನಗರದ ‘ಆಲ್ಟೆ ಪಿನಕೋಟೆಕ್’ ಎಂಬ ಪ್ರಸಿದ್ಧ ಚಿತ್ರಶಾಲೆಯಲ್ಲಿ ವೀರರ, ದೇವದೂತರ ದೊಡ್ಡ ಪಟಗಳಲ್ಲದೆ ಹಾಲೆಂಡ್ ದೇಶದ ಚಿತ್ರಕಾರರು ಬರೆದ ಕಿರುಪಟಗಳೂ ಇವೆ. ರೆಂಬ್ರಾಂಟನ ಶಿಷ್ಯನಾದ ಗೆರಿಟ್ ಡೌ (1613–1675) ಎಂಬಾತನ ಪಟವೊಂದರಲ್ಲಿ, ಬಡ ಮುದುಕಿಯೊಬ್ಬಳು ಊಟಕ್ಕೆ ಮುಂಚೆ ಕೈಜೋಡಿಸಿ ದೇವರನ್ನು ನೆನೆಯುತ್ತಿರುವಳು. ಕೋಣೆಯಲ್ಲಿ ನೂಲುವ ರಾಟೆಯಿದೆ. ಜೊತೆಗೆ ಕುಳಿತು ಉಣ್ಣುವವರು ಯಾರೂ ಇಲ್ಲ.

‘ಆಡಂ ಬೀಡ್’ 1859ರಲ್ಲಿ ಪ್ರಕಟವಾಯಿತು. ಅದರ 17ನೆಯ ಅಧ್ಯಾಯದಲ್ಲಿ ಗ್ರಂಥಕರ್ತ್ರಿಯು ಕಥೆಯನ್ನು ನಿಲ್ಲಿಸಿ, ವಾಚಕರೊಡನೆ ನೇರವಾಗಿ ಮಾತಿಗೆ ತೊಡಗುತ್ತಾಳೆ. ರಾಟೆಯ ಬಳಿ ಒಬ್ಬಳೇ ಉಣ್ಣುವ ಮುದುಕಿಯ ಚಿತ್ರವನ್ನು ಅಲ್ಲಿ ಸ್ಮರಿಸುತ್ತಾಳೆ. ಅದಕ್ಕೆ ಡೌವಿನ ಪಟವೇ ಮೂಲವೆಂದು ವಿಮರ್ಶಕರು ಎಣಿಸುವರು. ದೇವದೂತರನ್ನು ಬೇಕಾದಷ್ಟು ಚಿತ್ರಿಸಿರಿ. ಆದರೆ ದುಡಿದು ಸವೆದ ಕೈಗಳಿಂದ ಗಜ್ಜರಿ ಹೆರೆಯುವ ಮುದುಕಿಯರನ್ನು ಕಲೆಯ ಮನೆಯಿಂದ ಹೊರದೂಡಬೇಡಿರಿ ಎಂಬುದು ಆಕೆಯ ವಾದದ ಸಾರಾಂಶ.

ಭವ್ಯವಾದ ಕಲೆಯನ್ನು ಅನುಭವಿಸಲಾರದೆ ಆಡಿದ ಮಾತಲ್ಲವಿದು. 1858ರಲ್ಲಿಯೇ ಡ್ರೆಸ್ಡನ್ ನಗರದಲ್ಲಿ ರಾಫೇಲನ ಸಿಸ್ಟೈನ್ ಮಡೋನಾ ಚಿತ್ರದೆದುರು ಕುಳಿತಾಗ, ಭಕ್ತಿಭಯಗಳಿಂದ ಮನಸ್ಸು ತುಂಬಿ, ಹೆಚ್ಚು ಹೊತ್ತು ಅಲ್ಲಿರಲಾರದೆ ಆಕೆಯು ಎದ್ದುಹೋದಳು. ದೇವಮಾತೆಗೆ ಮಣಿದ ಮನಸ್ಸೇ ರಾಟೆಯ ಮುದುಕಿಗೂ ಮಣಿಯಿತು.

ಚಿತ್ರವು ತೋರಿಸುವುದು ಒಂದೇ ಕ್ಷಣವನ್ನು. ಅದರ ಹಿಂದುಮುಂದುಗಳನ್ನು ಹೇಳಬಲ್ಲುದು ಕಾದಂಬರಿ. ಆಡಮನ ತಾಯಿ ಲಿಸ್ಬೆತ್ ಎಂಬವಳು, ಗಂಡನು ಹಳ್ಳದಲ್ಲಿ ಮುಳುಗಿ ಸತ್ತಾಗ, ಶವವಿರುವ ಕೋಣೆಯನ್ನು ತನ್ನ ಕೈಯಿಂದಲೇ ಚೊಕ್ಕಟಮಾಡುತ್ತಾಳೆ. ಅವನಿಗೆ ಮಾಡಬಹುದಾದ ಕಡೆಯ ಸೇವೆಯದು. ಈ ಪ್ರಕರಣವನ್ನು ಓದಿದವನು ಡೌವಿನ ಪಟದ ಮುಂದೆ ನಿಂತರೆ, “ಈಕೆಯ ಎದುರಿಗೆ ಹಿಂದೆ ಯಾರು ಕುಳಿತು ಉಣ್ಣುತ್ತಿದ್ದರೋ!” ಎಂದುಕೊಳ್ಳದೆ ಇರಲಾರನು.

1871–72ರಲ್ಲಿ ಪ್ರಕಟವಾದ ‘ಮಿಡ್ಲ್‌ಮಾರ್ಚ್’ ಕಾದಂಬರಿಯಲ್ಲಿ ಎಲಿಯಟ್ಟಳು ತನ್ನ ನಾಯಿಕೆಯನ್ನೇ ಶಿಲ್ಪಶಾಲೆಗೆ ಕರೆದೊಯ್ಯುವಳು. ವಯಸ್ಸಾದ ಪಂಡಿತನೊಬ್ಬನನ್ನು ವರಿಸಿ ರೋಮ್ ನಗರಕ್ಕೆ ಬಂದ ಡೊರೊಥಿಯಳು, ವ್ಯಾಟಿಕನ್ನಿನಲ್ಲಿ ಮಲಗಿರುವ ಅರಿಯಾಡ್ನಿಯ ಅಮೃತಶಿಲಾಮೂರ್ತಿಯ ಬಳಿ ನಿಂತಿದ್ದಾಳೆ. ಪತಿಗೆ ಗ್ರಂಥಗಳಲ್ಲಿಯೇ ಗಮನ. ಅರಿಯಾಡ್ನಿಯು ನಲ್ಲನಾದ ಥೀಸಿಯಸನು ನಿದ್ದೆಯಲ್ಲಿ ಬಿಟ್ಟುಹೋದ ಹೆಣ್ಣು. ಡೊರೊಥಿಯಳಾದರೋ ಮೂರ್ತಿಯನ್ನು ನೋಡುತ್ತಲೇ ಇಲ್ಲ. ನೆಲದ ಮೇಲೆ ಬಿದ್ದ ಬಿಸಿಲಿನ ಗೆರೆಯಲ್ಲಿ ಆಕೆಯ ದೃಷ್ಟಿ ನೆಟ್ಟಿದೆ. ನೋಡಲು ಬಂದವರೆಲ್ಲರೂ ಕಲ್ಲಿನ ಹೆಣ್ಣನ್ನು ಮೆಚ್ಚಬಹುದು. ಪಕ್ಕದಲ್ಲಿ ನಿಂತ ಜೀವಂತ ಹೆಣ್ಣಿನ ಅಳಲನ್ನು ಕಾಣಿಸುವವಳು ಕಾದಂಬರಿಕಾರ್ತಿ.

ಚಿತ್ರಶಾಲೆಗೆ ಹೋಗುವವರು ಹೆಸರಾಂತ ಪಟಗಳನ್ನು ಎಣಿಸಿಕೊಂಡು ಬಂದರೆ ಸಾಲದು. ಓದಿದ ಕಥೆಯನ್ನು ನೆನೆದು, ಒಂದು ಸಾಮಾನ್ಯವಾದ ಮುಖದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಎಲ್ಲರಿಗೂ ಬಡಿಸಿ, ಕಡೆಗೆ ಒಬ್ಬಳೇ ಉಣ್ಣುವವಳು ಯಾರ ಮನೆಯಲ್ಲಿಲ್ಲ? ಡೌವಿನ ಪಟವನ್ನೂ ಎಲಿಯಟ್ಟಳ ಕಥೆಯನ್ನೂ ಬಲ್ಲವನು ಆ ಹೊತ್ತಿನಲ್ಲಿ ಆಕೆಯ ಬಳಿ ಬಂದು ಕುಳಿತರೆ, ಓದಿದ್ದೂ ನೋಡಿದ್ದೂ ಸಾರ್ಥಕವಾದಂತೆ.